ಕರೆಯಬೇಡ ಎಂದ ಮನೆ

ಫ್ಲೋರಿಯನ್ ಕುಲಾಸನಿಗೆ ಸಿಟ್ಟು ಬಂದರೆ ಮೊದಲು ಕಿವಿ ಕೆಂಪಗಾಗುತ್ತದೆ, ಆಮೇಲೆ ಮಾತು ನಿಲ್ಲುತ್ತದೆ. ಮಾತು ನಿಂತಿತೆಂದರೆ ಲಿಪ್ನೊ ಊರಿನ ಜನ ಮೆಲ್ಲಗೆ ಜಾಗ ಖಾಲಿ ಮಾಡುತ್ತಾರೆ. ಆ ಅಕ್ಟೋಬರ್ ಸಂಜೆ ಆಂಟನ್ ಯಾಕುಷನ ಅಡುಗೆಮನೆಯಲ್ಲಿ ಅವನ ಕಿವಿ ಎರಡೂ ಕೆಂಡದಂತಾಗಿದ್ದವು. ಆದರೆ ಸಿಟ್ಟು ತರಿಸಿದವನು ಮನೆಯ ಯಜಮಾನನೇ ಆಗಿದ್ದರಿಂದ ಜಾಗ ಖಾಲಿ ಮಾಡುವವರು ಅಲ್ಲಿ ಯಾರೂ ಇರಲಿಲ್ಲ.

ಆಂಟನ್ ಹೇಳಿದ್ದು ಇಷ್ಟೇ. ಮಗ ಚೆಸ್ಟರನಿಗೂ ವರ್ನಾಳಿಗೂ ಆಗುವ ಮದುವೆಗೆ ಊರನ್ನೆಲ್ಲ ಕರೆಯಬೇಕು, ತನ್ನ ಮಗಳು ಅಡೆಲಾಳ ಮನೆಯೊಂದನ್ನು ಬಿಟ್ಟು.

"ತೋರ್ಸನ್ ಮನೆ ಕಡೆ ನಿನ್ನ ಲಾರಿ ಹಾಲಿಗೆ ಮಾತ್ರ ಹೋಗ್ಲಿ," ಎಂದ. "ಮದುವೆಗೆ ಕರೆಯೋ ಕೋಲು ಹಿಡ್ಕೊಂಡು ಆ ಹೊಸಿಲು ತುಳೀಬೇಡ."

"ಅಡೆಲಾ ನಿಮ್ಮ ಮಗಳು, ಆಂಟನ್ ಮಾವ."

"ಮಗಳು ಇದ್ಲು," ಎಂದು ಮುದುಕ ರೊಟ್ಟಿ ಕೊಯ್ಯುತ್ತ ಕೂತ.

ಫ್ಲೋರಿಯನ್ ಮೇಜಿನ ಆಚೆ ಕೂತಿದ್ದ ಚೆಸ್ಟರನನ್ನು ನೋಡಿದ. ಮದುಮಗ ಕಾಫಿ ಬಟ್ಟಲಿನೊಳಗೆ ಏನೋ ಬೀಳಿಸಿಕೊಂಡವನಂತೆ ಅದನ್ನೇ ಇಣುಕಿ ನೋಡುತ್ತಿದ್ದ. ಇಪ್ಪತ್ತನಾಲ್ಕು ವರ್ಷದ ಗಂಡಸು. ಅಪ್ಪನ ಮುಂದೆ ನಾಲಿಗೆ ಏಳದು.

ವಿಸ್ಕಾನ್ಸಿನ್‌ನ ನಮ್ಮ ಈ ಮರಳು ನೆಲದಲ್ಲಿ ಆಲೂಗಡ್ಡೆ ಅಗೆದು ಮುಗಿದ ಮೇಲೆಯೇ ಮದುವೆ. ಪೋಲೆಂಡಿನಿಂದ ಬಂದ ನಮ್ಮ ಅಜ್ಜಂದಿರು ಉಳಿದದ್ದನ್ನೆಲ್ಲ ಹಡಗಿನಲ್ಲೇ ಮರೆತರೂ ದ್ರುಜ್ಬಾನನ್ನು ಮರೆಯಲಿಲ್ಲ. ದ್ರುಜ್ಬಾ ಎಂದರೆ ಮದುಮಗನ ಜೊತೆಗಾರ. ಪಟ್ಟಣದ ಮದುವೆಗಳಲ್ಲಿ ಜೊತೆಗಾರನೆಂಬವನು ಉಂಗುರ ಜೇಬಿನಲ್ಲಿಟ್ಟುಕೊಂಡು ಚರ್ಚಿನಲ್ಲಿ ಮದುಮಗನ ಪಕ್ಕ ನಿಲ್ಲುತ್ತಾನೆ, ಊಟದ ಹೊತ್ತಿಗೆ ಎದ್ದು ಎರಡು ಹಳಸಲು ಜೋಕು ಹೇಳುತ್ತಾನೆ, ಅಲ್ಲಿಗೆ ಅವನ ಕೆಲಸ ಮುಗಿಯಿತು. ಇದನ್ನು ಕೇಳಿದರೇ ಫ್ಲೋರಿಯನ್‌ಗೆ ಮೈ ಉರಿಯುತ್ತಿತ್ತು. ಅದಕ್ಕೆ ಕೋಟು ಹಾಕುವ ಮರದ ಗೂಟ ಸಾಕು ಎನ್ನುತ್ತಿದ್ದ.

ನಮ್ಮಲ್ಲಿ ದ್ರುಜ್ಬಾನ ಹೆಗಲಿಗೆ ಇಡೀ ಮದುವೆಯೇ ಬೀಳುತ್ತದೆ. ರಿಬ್ಬನ್ ಕಟ್ಟಿದ ಕೋಲು ಹಿಡಿದು ಅವನು ಮನೆಮನೆಯ ಹೊಸಿಲಲ್ಲಿ ನಿಂತು, ಇಂಥವರ ಅಪ್ಪ ಅಮ್ಮ ನನ್ನನ್ನು ಕಳಿಸಿದ್ದಾರೆ ಎಂದು ಕರೆಯ ಮಾತನ್ನು ಪೂರ್ತಿ ಹೇಳಬೇಕು. ಆ ಮನೆಯವರು ಕೋಲಿಗೆ ತಮ್ಮದೊಂದು ರಿಬ್ಬನ್ ಕಟ್ಟಿದರೆ ಬರುತ್ತೇವೆ ಎಂದರ್ಥ. ಕಾಗದ ಬರೆದರೆ, ದಾರಿಯಲ್ಲಿ ಸಿಕ್ಕಾಗ ಹೇಳಿದರೆ, ಟೆಲಿಫೋನ್ ಮಾಡಿದರೆ ಅದು ಕರೆದ ಹಾಗಲ್ಲ. ಹೊಸಿಲಿಗೆ ಕೋಲು ಬಾರದ ಮನೆಯವರು ಪಕ್ಕದ ಮನೆಯಲ್ಲೇ ಮದುವೆಯಾದರೂ ಕಿಟಕಿಯ ಪರದೆ ಎಳೆದು ಕೂರುತ್ತಾರೆ. ಮದುವೆಯ ದಿನ ಚರ್ಚಿಗೆ ಹೊರಡುವ ಮುಂಚೆ ಹುಡುಗ ಹುಡುಗಿಯನ್ನು ಹೆತ್ತವರ ಮುಂದೆ ಮಂಡಿಯೂರಿಸಿ, ಅವರ ಪರವಾಗಿ ತಪ್ಪು ಒಪ್ಪಿ, ಆಶೀರ್ವಾದ ಕೇಳುವವನೂ ದ್ರುಜ್ಬಾನೇ. ಅಮ್ಮ ತೀರಿಹೋಗಿದ್ದರೆ ಅವಳ ಜಾಗದಲ್ಲಿ ಯಾರು ನಿಲ್ಲಬೇಕೆಂದು ಹೆಸರು ಹಿಡಿದು ಕರೆಯುವವನೂ ಅವನೇ. ಆಮೇಲೆ ಮದುಮಗನನ್ನು ಕಾಲ ಮೇಲೆ ನಿಲ್ಲಿಸಬೇಕು, ಅಡುಗೆಯವರ ಮುನಿಸು ತೀರಿಸಬೇಕು, ಕುಡಿದು ಕೈ ಕೈ ಮಿಲಾಯಿಸುವ ಭಾವಂದಿರ ನಡುವೆ ನುಗ್ಗಬೇಕು, ಯಾರಾದರೂ ಮುಖ ಊದಿಸಿಕೊಂಡು ಹಿತ್ತಲಲ್ಲಿ ಕೂತರೆ ಹೋಗಿ ಸಮಾಧಾನ ಹೇಳಬೇಕು.

ಇಷ್ಟೆಲ್ಲ ಮಾಡುವವನು ಮದುವೆಯಾಗದವನೇ ಆಗಿರಬೇಕೆಂಬುದು ಇನ್ನೊಂದು ಕಟ್ಟಳೆ. ಫ್ಲೋರಿಯನ್ ಇಪ್ಪತ್ತರ ಹುಡುಗನಿದ್ದಾಗ ಮೊದಲ ಸಲ ಕೋಲು ಹಿಡಿದ. ಗಂಟಲು ದೊಡ್ಡದು, ಮಾತು ಮರೆಯುವವನಲ್ಲ, ಎಷ್ಟು ಕುಡಿದರೂ ಹೆಜ್ಜೆ ತಪ್ಪದು. ಒಂದು ಮದುವೆಯಿಂದ ಇನ್ನೊಂದಕ್ಕೆ ಜನ ಅವನನ್ನೇ ಎಳೆದರು. ಹೆಣ್ಣು ಸಿಗಲಿಲ್ಲವೆಂದಲ್ಲ, ಸಿಗುವ ಹೊತ್ತಿಗೆಲ್ಲ ಯಾರದೋ ಮದುವೆಯ ಕೋಲು ಕೈಯಲ್ಲಿರುತ್ತಿತ್ತು. ಈಗ ನಲವತ್ತು ದಾಟಿದೆ. ಫ್ಲೋರಿಯನ್‌ಗೆ ಹೆಂಡತಿ ಬಂದುಬಿಟ್ಟರೆ ನಮ್ಮ ಮಕ್ಕಳ ಗತಿಯೇನು ಎಂದು ಊರ ಹೆಂಗಸರು ನಗುತ್ತಾರೆ. ಅವನೂ ನಗುತ್ತಾನೆ, ಹಲ್ಲು ಮಾತ್ರ. ಮದುವೆಯಿಲ್ಲದ ದಿನಗಳಲ್ಲಿ ಅವನು ಬೆಳಗಾಗುವ ಮುಂಚೆ ಲಾರಿ ತೆಗೆದು ಮನೆಮನೆಯ ಹಾಲಿನ ಡಬ್ಬಿಗಳನ್ನು ಚೀಸ್ ಕಾರ್ಖಾನೆಗೆ ಸಾಗಿಸುತ್ತಾನೆ.

ಅಡೆಲಾಳ ಮನೆಯೂ ಆ ದಾರಿಯಲ್ಲೇ ಇತ್ತು. ತಾಯಿ ತೀರಿಕೊಂಡಾಗ ಚೆಸ್ಟರ್ ಇನ್ನೂ ಅಂಗಿ ಗುಂಡಿ ಹಾಕಲು ಬಾರದ ಮಗು. ಅಡೆಲಾ ಶಾಲೆ ಬಿಟ್ಟು ಅವನನ್ನು ಸಾಕಿದಳು, ಮನೆ ನಡೆಸಿದಳು, ಹಸು ಕರೆದಳು, ಅಪ್ಪನ ಬೈಗುಳವನ್ನೂ ಉಂಡಳು. ತನ್ನ ವಾರಗೆಯವರೆಲ್ಲ ಮದುವೆಯಾಗಿ ಮಕ್ಕಳಾದ ಮೇಲೆ ನಿಲ್ಸ್ ತೋರ್ಸನ್ ಎಂಬ ನಾರ್ವೆಯವನನ್ನು ಮೆಚ್ಚಿದಳು. ಅವನು ಲೂಥರನ್, ನಮ್ಮ ಕ್ಯಾಥೊಲಿಕ್ ಚರ್ಚಿಗೆ ಸೇರದವನು. ಮದುವೆ ಅವರ ಚರ್ಚಿನಲ್ಲಾಯಿತು. ನಮ್ಮವರ ಪಾಲಿಗೆ ಹುಡುಗಿ ಕೊಲೆ ಮಾಡಿ ಬಂದಿದ್ದರೂ ಇಷ್ಟು ಗುಲ್ಲೇಳುತ್ತಿರಲಿಲ್ಲ. ಆಂಟನ್ ಅವಳ ಹಾಸಿಗೆಯನ್ನು ಅಂಗಳಕ್ಕೆ ಎಸೆದ. ಚೆಸ್ಟರನಿಗೆ ಆಗ ಹದಿಮೂರು. ಅವಳು ಹೋದ ದಾರಿಯನ್ನು ನೋಡುತ್ತ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದ, ಅಲ್ಲಿಂದ ಮುಂದಕ್ಕೆ ಅವನು ಇವತ್ತಿಗೂ ಕಾಲಿಟ್ಟಿಲ್ಲ ಎಂಬುದು ಫ್ಲೋರಿಯನ್‌ನ ಅಭಿಪ್ರಾಯ.

ಇದರಲ್ಲಿ ಇನ್ನೊಂದು ವಿಷಯ ಅವನ ಹೊಟ್ಟೆ ಉರಿಸುತ್ತಿತ್ತು. ಕಾರ್ಖಾನೆಯ ದೊಡ್ಡ ಹಂಡೆಯಲ್ಲಿ ಆಂಟನ್‌ನ ಹಾಲೂ ತೋರ್ಸನ್‌ನ ಹಾಲೂ ಒಟ್ಟಿಗೇ ಬೀಳುತ್ತವೆ. ಆ ಚೀಸನ್ನು ಆಂಟನ್ ಭಾನುವಾರ ಪೂಜೆ ಮುಗಿಸಿ ಬಂದು ಚಪ್ಪರಿಸಿ ತಿನ್ನುತ್ತಾನೆ. ಅದಕ್ಕೆ ಮೈಲಿಗೆಯಿಲ್ಲ.

ಮುಂದಿನ ವಾರ ಒಂದು ಬೆಳಿಗ್ಗೆ ತೋರ್ಸನ್ ಮನೆಯಲ್ಲಿ ಡಬ್ಬಿ ಎತ್ತುವಾಗ ಅಡೆಲಾ ಹೊರಗೆ ಬಂದಳು. ಲಾರಿಯ ಸೀಟಿನ ಮೇಲಿದ್ದ ಕೋಲನ್ನು ನೋಡಿದಳು. ಆಗಲೇ ಅರ್ಧ ಊರಿನ ರಿಬ್ಬನ್ ಅದಕ್ಕೆ ಬಿದ್ದಿತ್ತು. ಅವಳು ಮದುವೆಯ ವಿಷಯ ಎತ್ತಲಿಲ್ಲ. ಚೆಸ್ಟರ್ ಉಪವಾಸವಿದ್ದು ಪೂಜೆಗೆ ನಿಂತರೆ ಅವನಿಗೆ ತಲೆ ಸುತ್ತುತ್ತದೆ, ಚಿಕ್ಕಂದಿನಲ್ಲಿ ಎರಡು ಸಲ ಬಿದ್ದಿದ್ದ, ಪ್ರಸಾದ ತೆಗೆದುಕೊಂಡ ಕೂಡಲೇ ಬಾಯಿಗೆ ಹಾಕಲು ಒಂದು ಸಕ್ಕರೆ ತುಂಡು ಜೇಬಿನಲ್ಲಿಟ್ಟುಕೊಂಡಿರು ಎಂದಷ್ಟೇ ಹೇಳಿದಳು. ಫ್ಲೋರಿಯನ್ ತಲೆಯಾಡಿಸಿದ. ಲಾರಿಯ ಬಾಗಿಲನ್ನು ಎಷ್ಟು ಜೋರಾಗಿ ಎಳೆದುಕೊಂಡನೆಂದರೆ ತೋರ್ಸನ್‌ನ ಕೋಳಿಗಳೆಲ್ಲ ಹಾರಿಬಿದ್ದವು.

ಅಂದು ಮಧ್ಯಾಹ್ನವೇ ಅವನು ಚೆಸ್ಟರನನ್ನು ಆಲೂಗಡ್ಡೆಯ ನೆಲಮಾಳಿಗೆಯಲ್ಲಿ ಹಿಡಿದ. ಚೆಸ್ಟರ್ ಕೊಳೆತದ್ದನ್ನು ಆರಿಸಿ ಬುಟ್ಟಿಗೆ ಹಾಕುತ್ತಿದ್ದ. ಅಕ್ಕನನ್ನು ಕರೆಯಬೇಕೆಂದು ನಿನಗೆ ಅನ್ನಿಸುವುದಿಲ್ಲವೇ ಎಂದು ಕೇಳಿದ್ದಕ್ಕೆ, ಅನ್ನಿಸುತ್ತದೆ, ಯಾಕೆ ಅನ್ನಿಸುವುದಿಲ್ಲ ಎಂದ. ಹಾಗಾದರೆ ಅಪ್ಪನಿಗೆ ಹೇಳು ಎಂದರೆ ಮತ್ತೆ ಬುಟ್ಟಿ ನೋಡಿದ.

"ಮದುವೆ ದಿನ ರಂಪ ಬೇಡ ಅಣ್ಣ," ಎಂದ ಕೊನೆಗೆ. "ಎಲ್ಲ ಮುಗೀಲಿ. ಆಮೇಲೆ ಒಂದಿನ ನಾನೂ ವರ್ನಾನೂ ಅವಳ ಮನೆಗೆ ಹೋಗಿ ಬರ್ತೀವಿ. ಅವಳಿಗೆ ಅರ್ಥ ಆಗುತ್ತೆ."

"ಅರ್ಥ ಆಗುತ್ತೆ ಕಣೋ. ಅವಳಿಗೆ ಎಲ್ಲಾನೂ ಅರ್ಥ ಆಗ್ತಾನೇ ಬಂದಿದೆ," ಎಂದ ಫ್ಲೋರಿಯನ್. "ನಿನ್ನ ಕುಂಡೆ ತೊಳೆದ ಕೈ ಅದು. ಅದನ್ನ ಕದ್ದುಮುಚ್ಚಿ ನೋಡೋಕೆ ಹೋಗ್ತೀಯಾ, ಹಾದರಕ್ಕೆ ಹೋದ ಹಾಗೆ?"

ಚೆಸ್ಟರನ ಮುಖ ಕಪ್ಪಿಟ್ಟಿತು. ಇನ್ನೊಂದು ಕೊಳೆತ ಗಡ್ಡೆಯನ್ನು ಬುಟ್ಟಿಗೆ ಹಾಕಿದ. ಫ್ಲೋರಿಯನ್ ಅಲ್ಲಿ ಇನ್ನೊಂದು ಗಳಿಗೆ ನಿಂತಿದ್ದರೆ ಆಲೂಗಡ್ಡೆಯ ಬುಟ್ಟಿಯನ್ನು ಅವನ ತಲೆಯ ಮೇಲೆ ಕವುಚುತ್ತಿದ್ದನೇನೋ. ಮೆಟ್ಟಿಲೇರಿ ಬಂದುಬಿಟ್ಟ.

ಮದುವೆಗೆ ಎರಡು ದಿನ ಇರುವಾಗ ಅವನು ಗಡ್ಡ ಬೋಳಿಸಿ, ಕಪ್ಪು ಕೋಟು ತೊಟ್ಟು, ಎದೆಗೆ ಹೂ ಸಿಕ್ಕಿಸಿ, ಕೋಲು ಹಿಡಿದು ತೋರ್ಸನ್ ಮನೆಯ ಮುಂಬಾಗಿಲು ತಟ್ಟಿದ. ದಿನಾ ಹಿತ್ತಲಿಗೆ ಬರುವವನು ಮುಂಬಾಗಿಲಿಗೆ ಬಂದಿದ್ದು ನೋಡಿ ನಿಲ್ಸ್ ಊಟದ ತಟ್ಟೆ ಬಿಟ್ಟು ಎದ್ದ. ಅಡೆಲಾ ಏಪ್ರನ್ನಿಗೆ ಕೈ ಒರೆಸುತ್ತ ಬಂದಳು. ಫ್ಲೋರಿಯನ್ ಕೋಲಿನಿಂದ ಹೊಸಿಲು ಕುಟ್ಟಿ ಗಂಟಲು ಸರಿಮಾಡಿಕೊಂಡ.

ಅವನು ಬಾಯಿ ತೆರೆಯುವ ಮುಂಚೆ ಅವಳೇ ಕೇಳಿದಳು. "ನಿನ್ನನ್ನ ಯಾರು ಕಳಿಸಿದ್ದು?"

ಇದೇ ಎಡವಟ್ಟು. ಕರೆಯ ಮಾತು ಶುರುವಾಗುವುದೇ ಅಲ್ಲಿಂದ. ದ್ರುಜ್ಬಾ ತನ್ನ ಹೆಸರಿನಲ್ಲಿ ಯಾರನ್ನೂ ಕರೆಯುವಂತಿಲ್ಲ, ಅವನು ಬರೀ ಬಾಯಿ. ಅಪ್ಪ ಕಳಿಸಿದ್ದಾರೆ ಎಂದು ಒಂದು ಸುಳ್ಳು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಇಷ್ಟು ವರ್ಷ ಕೋಲು ಹಿಡಿದು ಎಷ್ಟೋ ಹೊಸಿಲಲ್ಲಿ ನಿಂತಿದ್ದರೂ ಅಲ್ಲಿ ಒಂದು ಸುಳ್ಳೂ ಅವನ ಬಾಯಿಂದ ಬಂದಿರಲಿಲ್ಲ.

"ಯಾರೂ ಕಳಿಸಿಲ್ಲ," ಎಂದ.

"ಚೆಸ್ಟರ್?"

"ಅವನೂ ಇಲ್ಲ."

ಅವಳು ಅತ್ತಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಬದಲಿಗೆ ಅವಳು, ಹಾಗಾದರೆ ಇದು ಕರೆಯಲ್ಲ ಫ್ಲೋರಿಯನ್, ನೀನು ಒಳ್ಳೆಯವನೆಂದು ಬಂದಿದ್ದೀಯ, ಒಳಗೆ ಬಂದು ಊಟ ಮಾಡಿ ಹೋಗು ಎಂದಳು. ಅದನ್ನು ಕೇಳಿ ಅವನ ಸಿಟ್ಟು ಅವಳ ಮೇಲೂ ತಿರುಗಿತು. ಅವಳನ್ನು ಹೊರಗೆ ಹಾಕಿದ ಕಟ್ಟಳೆಗೆ ಅವಳೇ ಕಾವಲು ನಿಂತಿದ್ದಳಲ್ಲ.

"ನಿಮ್ಮಮ್ಮನ ಹೆಸರಲ್ಲಿ ಕರೀತಿದ್ದೀನಿ," ಎಂದ. "ಅವಳು ಇದ್ದಿದ್ರೆ ಮೊದಲು ಈ ಮನೆಗೇ ಕಳಿಸ್ತಿದ್ಲು. ಇಲ್ಲ ಅಂತ ಹೇಳು ನೋಡೋಣ."

ಅಡೆಲಾ ಇಲ್ಲವೆನ್ನಲಿಲ್ಲ. ಅವನು ಕರೆಯ ಮಾತನ್ನು ಮೊದಲಿಂದ ಕೊನೆಯವರೆಗೆ, ಅಪ್ಪನ ಹೆಸರೊಂದನ್ನು ನುಂಗಿ, ಬೈಯುವವನ ಧಾಟಿಯಲ್ಲಿ ಹೇಳಿ ಮುಗಿಸಿದ. ಕೋಲು ಮುಂದೆ ಚಾಚಿದ. ಅವಳು ರಿಬ್ಬನ್ ಕಟ್ಟಲಿಲ್ಲ. ಅವನು ಕೋಲನ್ನು ಹಿಂದಕ್ಕೆಳೆದುಕೊಂಡು, ಊಟ ಮಾಡದೆ ಹೊರಟುಬಂದ.

ಶನಿವಾರ ಬೆಳಿಗ್ಗೆ ಹುಡುಗಿಯ ಮನೆಯಲ್ಲಿ, ಎಂದರೆ ವರ್ನಾಳ ಅಪ್ಪ ವಾಂಟಾ ಅವರ ಮನೆಯಲ್ಲಿ, ಕಾಲಿಡಲು ಜಾಗವಿರಲಿಲ್ಲ. ಒಲೆಯ ಮೇಲೆ ಸಾಸೇಜು ಕುದಿಯುತ್ತಿತ್ತು, ಹಿತ್ತಲಲ್ಲಿ ಬಿಯರ್ ಪೀಪಾಯಿಗಳು ಕಾಯುತ್ತಿದ್ದವು, ಪಿಟೀಲಿನವನೂ ಅಕಾರ್ಡಿಯನ್ನಿನವನೂ ಜಗಲಿಯಲ್ಲಿ ಶ್ರುತಿ ಮಾಡಿಕೊಳ್ಳುತ್ತಿದ್ದರು. ನಡುಮನೆಯಲ್ಲಿ ಎರಡು ದಿಂಬು ಹಾಕಿ ಫ್ಲೋರಿಯನ್ ಹುಡುಗ ಹುಡುಗಿಯನ್ನು ಮಂಡಿಯೂರಿಸಿದ. ಎದುರಿಗೆ ವರ್ನಾಳ ಅಪ್ಪ ಅಮ್ಮ, ಅವರ ಪಕ್ಕ ಆಂಟನ್, ಆಂಟನ್‌ನ ಪಕ್ಕ ಅವನ ತಮ್ಮನ ಹೆಂಡತಿ ಟೆಕ್ಲಾ. ಅಮ್ಮನ ಜಾಗಕ್ಕೆ ಟೆಕ್ಲಾಳನ್ನು ಕರೆ ಎಂದು ಆಂಟನ್ ಮೊದಲೇ ಅಪ್ಪಣೆ ಮಾಡಿದ್ದ. ಟೆಕ್ಲಾ ಹೊಸ ಟೋಪಿ ಹಾಕಿಕೊಂಡು ತಯಾರಾಗಿ ನಿಂತಿದ್ದಳು. ಚೆಸ್ಟರ್ ಚಿಕ್ಕವನಿದ್ದಾಗ ಅವನಿಗೆ ಜ್ವರ ಬಂದರೆ ನೋಡಲು ಸಹ ಬಾರದವಳು.

ಫ್ಲೋರಿಯನ್ ಹೇಳಲು ಶುರುಮಾಡಿದ. ಈ ಮಕ್ಕಳು ನಿಮ್ಮ ಮಾತು ಮೀರಿದ್ದರೆ ಮನ್ನಿಸಿ, ನಿಮ್ಮ ಕಣ್ಣಲ್ಲಿ ನೀರು ತರಿಸಿದ್ದರೆ ಮನ್ನಿಸಿ ಎನ್ನುತ್ತಿದ್ದಂತೆ ಹೆಂಗಸರ ಕರ್ಚೀಫುಗಳು ಹೊರಗೆ ಬಂದವು. ಅಷ್ಟರಲ್ಲಿ ಬಾಗಿಲ ಬಳಿ ಜನ ಮಿಸುಕಿದರು. ಅವನು ತಿರುಗಿ ನೋಡಿದ. ನೀಲಿ ಕೋಟು ಹಾಕಿಕೊಂಡು ಅಡೆಲಾ ನಿಂತಿದ್ದಳು, ಹೊಸಿಲಿನ ಆಚೆಗೆ. ಅವಳ ಗಂಡ ರಸ್ತೆಯಲ್ಲಿ ಕಾರಿನಲ್ಲೇ ಕೂತಿದ್ದ. ಜನ ಅವಳನ್ನು ಮುಟ್ಟದಂತೆ ಸರಿದು ಎರಡು ಕಡೆ ಗೋಡೆಗೆ ಅಂಟಿದ್ದರು. ಹಿಂದೆ ಅವಳ ಕೈಯ ರೊಟ್ಟಿ ತಿಂದವರೇ ಎಲ್ಲ.

ಆಂಟನ್ ಕೂಡ ನೋಡಿದ. ಅವನ ದವಡೆ ಬಿಗಿಯಿತು.

"ಅಮ್ಮನ ಜಾಗಕ್ಕೆ," ಎಂದ ಫ್ಲೋರಿಯನ್, ಚರ್ಚಿನ ಆಚೆಯವರೆಗೆ ಕೇಳುವ ದನಿಯಲ್ಲಿ, "ಇವನನ್ನ ಸಾಕಿ ದೊಡ್ಡೋನ್ನ ಮಾಡಿದ ಅಕ್ಕ ಅಡೆಲಾ ಬರ್ಬೇಕು."

ಪಿಟೀಲು ನಿಂತಿತು. ಟೆಕ್ಲಾ ತನ್ನ ಟೋಪಿ ಮುಟ್ಟಿಕೊಂಡಳು. ಆಂಟನ್ ದನಿ ಎತ್ತರಿಸಲೂ ಇಲ್ಲ. "ಅವಳು ಒಳಗೆ ಬಂದ್ರೆ ಆಶೀರ್ವಾದಕ್ಕೆ ನಾನು ಕೈ ಎತ್ತಲ್ಲ," ಎಂದ.

ಎಲ್ಲರೂ ಮದುಮಗನನ್ನು ನೋಡಿದರು. ಚೆಸ್ಟರ್ ಬಾಗಿಲ ಕಡೆ ತಿರುಗಲೇ ಇಲ್ಲ. ತಿರುಗಿದರೆ ಕಣ್ಣಿಗೆ ಕಣ್ಣು ಸೇರುತ್ತಿತ್ತಲ್ಲ. ದಿಂಬಿನ ಮೇಲೆ ಅಲುಗಾಡಿ ಫ್ಲೋರಿಯನ್‌ನ ಕೋಟಿನ ತುದಿ ಎಳೆದು, ಬಿಟ್ಟುಬಿಡಣ್ಣ, ಚರ್ಚಿಗೆ ಹೊತ್ತಾಯಿತು, ಪಾದ್ರಿ ಕಾಯುತ್ತಿರುತ್ತಾರೆ ಎಂದು ಪಿಸುಗುಟ್ಟಿದ.

ಫ್ಲೋರಿಯನ್‌ಗೆ ಮಾತು ನಿಂತುಹೋಯಿತು. ಕೋಲನ್ನು ಮೇಜಿನ ಮೇಲೆ, ಮದುಮಕ್ಕಳನ್ನು ಬರಮಾಡಿಕೊಳ್ಳಲು ಇಟ್ಟಿದ್ದ ರೊಟ್ಟಿ ಉಪ್ಪಿನ ತಟ್ಟೆಯ ಪಕ್ಕದಲ್ಲಿಟ್ಟ. ಎದೆಯ ಹೂ ಕಿತ್ತು ಅದರ ಮೇಲೆ ಹಾಕಿದ. ದ್ರುಜ್ಬಾ ಕೋಲು ಇಳಿಸಿದರೆ ಮೆರವಣಿಗೆ ಹೊರಡುವಂತಿಲ್ಲ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಆದರೆ ಕೋಲು ಇಳಿಸಿದ್ದನ್ನು ಯಾರೂ ನೋಡಿರಲಿಲ್ಲ. ಯಾರೋ ಮುದುಕಿ ಶಿಲುಬೆಯ ಗುರುತು ಮಾಡಿಕೊಂಡಳು. ಕರೆದವರು ಬಂದು ನಿಂತಿರುವಾಗ ಬಾಗಿಲಲ್ಲೇ ತಡೆಯುವ ಮದುವೆಯನ್ನು ನಾನು ನಡೆಸುವುದಿಲ್ಲ, ಬೇರೆ ಯಾರಾದರೂ ನಡೆಸಿ ಎಂದು ಅವನು ಹೇಳಬೇಕೆಂದಿದ್ದ. ಸಿಟ್ಟಿಗೆ ಒಂದು ಶಬ್ದವೂ ಹೊರಡಲಿಲ್ಲ.

ಆಚೆ ಅಡೆಲಾ, ಕರೆಯಲು ಬಂದವನ ಮಾನ ತನ್ನಿಂದ ಹೋಯಿತಲ್ಲ ಎನ್ನುವಂತೆ ಅವನನ್ನೊಮ್ಮೆ ನೋಡಿ, ಹೊರಡಲು ತಿರುಗಿದಳು.

ಚೆಸ್ಟರ್ ಎದ್ದು ನಿಂತ, ವರ್ನಾಳ ಮೊಣಕೈ ಹಿಡಿದು ಏಳಿಸಲು ನೋಡಿದ. ವರ್ನಾ ಏಳಲಿಲ್ಲ. ಈ ಹುಡುಗಿಯನ್ನು ಫ್ಲೋರಿಯನ್ ಅಲ್ಲಿಯವರೆಗೆ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುವ ದುಂಡು ಮುಖದ ಹುಡುಗಿ, ಮದುವೆಯ ಮಾತುಕತೆಯಲ್ಲಿ ಬಾಯಿ ಬಿಟ್ಟವಳಲ್ಲ.

"ನಾನು ಏಳಲ್ಲ," ಎಂದಳು. ತಲೆಯ ಮೇಲಿನ ಬಿಳಿ ಪರದೆಯನ್ನು ಹಿಂದಕ್ಕೆ ತಳ್ಳಿ ಚೆಸ್ಟರನನ್ನು ನೋಡಿದಳು. "ನಾಳೆ ನಿಮ್ಮಪ್ಪನಿಗೆ ನನ್ನ ಮೇಲೆ ಸಿಟ್ಟು ಬರುತ್ತೆ. ಬಂದೇ ಬರುತ್ತೆ. ಆಗ ನನ್ನನ್ನೂ ಹೀಗೇ ಬಾಗಿಲಾಚೆ ನಿಲ್ಸಿ, ನೀನು ಬೇರೆ ಕಡೆ ನೋಡ್ತಾ ಇರ್ತೀಯಾ? ಈಗ್ಲೇ ಹೇಳ್ಬಿಡು. ಚರ್ಚಿಗೆ ಹೋದ್ಮೇಲೆ ಹೇಳ್ಬೇಡ."

ಅವಳ ಅಮ್ಮ, ಸುಮ್ಮನಿರೇ ಎಂದು ಗದರಿದಳು. ವರ್ನಾ ಕೇಳಿಸಿಕೊಳ್ಳಲಿಲ್ಲ.

ಚೆಸ್ಟರ್ ಕೊನೆಗೂ ಬಾಗಿಲ ಕಡೆ ತಿರುಗಿದ. ನೀಲಿ ಕೋಟಿನ ಬೆನ್ನು ಜನರ ನಡುವೆ ದೂರವಾಗುತ್ತಿತ್ತು. "ಅಕ್ಕ," ಎಂದು ಕರೆದ, ಕೊಟ್ಟಿಗೆಯಿಂದ ಮನೆಗೆ ಕೂಗುವ ಹುಡುಗನ ಹಾಗೆ, ನಾಚಿಕೆಯಿಲ್ಲದೆ. ಮತ್ತೆ ವರ್ನಾಳ ಪಕ್ಕ ಮಂಡಿಯೂರಿದ. ತಲೆಯೆತ್ತಿ ಅಪ್ಪನ ಮುಖ ನೋಡಿದ.

"ಸ್ವಲ್ಪ ಸರ್ಕೊಳ್ಳಿ ಅಪ್ಪ," ಎಂದ. "ಅಕ್ಕನಿಗೆ ನಿಂತ್ಕೊಳ್ಳೋಕೆ ಜಾಗ ಬೇಕು."

ಆಂಟನ್ ಬೈಯುತ್ತಾನೆ, ಹೊಡೆಯುತ್ತಾನೆ ಎಂದು ಎಲ್ಲರೂ ಉಸಿರು ಹಿಡಿದಿದ್ದರು. ಮುದುಕ ಎರಡನ್ನೂ ಮಾಡದೆ, ಕುರ್ಚಿಯ ಮೇಲಿದ್ದ ಟೋಪಿ ತೆಗೆದುಕೊಂಡು, ಒಳಗೆ ಬರುತ್ತಿದ್ದ ಮಗಳ ಪಕ್ಕದಿಂದಲೇ, ಅವಳ ತೋಳು ತಾಗಿದರೂ ತಾಗದವನಂತೆ, ಹೊರಗೆ ಹೋದ.

ಅಡೆಲಾ ಪ್ರಾರ್ಥನೆಯ ಮಾತು ಹೇಳಲಿಲ್ಲ. ಅವಳಿಗೆ ಮರೆತೇ ಹೋಗಿತ್ತೋ, ಹೇಳಲು ತನಗೆ ಹಕ್ಕಿಲ್ಲವೆಂದುಕೊಂಡಳೋ. ಮೊದಲು ವರ್ನಾಳ ತಲೆಯ ಮೇಲೆ, ಆಮೇಲೆ ತಮ್ಮನ ತಲೆಯ ಮೇಲೆ ಕೈಯಿಟ್ಟು, "ಚೆನ್ನಾಗಿರ್ರಪ್ಪ," ಎಂದಳು. ಚೆಸ್ಟರ್ ಅವಳ ಕೋಟಿನ ಅಂಚಿನಲ್ಲಿ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತ. ಜನರೂ ಅತ್ತರು. ಟೆಕ್ಲಾ ಸಹ ಅತ್ತಳು. ಫ್ಲೋರಿಯನ್ ಅಳಲಿಲ್ಲ. ಒಂದು ಮಾತು, ಅದೂ ಇಷ್ಟು ಚಿಕ್ಕದು, ಅದನ್ನಾಡಲು ಈ ಗಂಡಸಿಗೆ ಒಬ್ಬ ಹುಡುಗಿ ನೆಲದ ಮೇಲೆ ಹಟ ಹಿಡಿದು ಕೂರಬೇಕಾಯಿತಲ್ಲ ಎಂದು ಅವನ ಕಿವಿ ಇನ್ನೂ ಸುಡುತ್ತಿತ್ತು.

ವರ್ನಾ ಎದ್ದು ಮೇಜಿನ ಮೇಲಿದ್ದ ಕೋಲನ್ನು ತಾನೇ ತಂದು ಅವನ ಕೈಗೆ ಕೊಟ್ಟಳು. ಅವನು ತೆಗೆದುಕೊಂಡ. ಪಿಟೀಲು ಮತ್ತೆ ಶುರುವಾಯಿತು. ಮೆರವಣಿಗೆಯ ಮುಂದೆ ಅವನು ಬಾಗಿಲು ದಾಟಿದರೆ, ಜಗಲಿಯ ಮೆಟ್ಟಿಲ ನಡುವೆಯೇ ಆಂಟನ್ ಕೂತಿದ್ದ. ಮಂಡಿಯ ಮೇಲೆ ಟೋಪಿ. ಮುದುಕ ಎದ್ದು ದಾರಿ ಬಿಡದೆ ಯಾರೂ ಇಳಿಯುವಂತಿರಲಿಲ್ಲ. ಆಂಟನ್ ತಲೆಯೆತ್ತಿ ಫ್ಲೋರಿಯನ್‌ನನ್ನು ನೋಡಿದ. ಒಬ್ಬನೇ ಮಗನ ಮದುವೆ. ಅವನ ಕಣ್ಣಲ್ಲಿ ಗರ್ವವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಕೈಹಿಡಿದು ಒಳಗೆ ಕರೆದೊಯ್ಯುವವರಿಗಾಗಿ ಅಷ್ಟು ಹೊತ್ತೂ ಅಲ್ಲಿ ಕಾದಿದ್ದ ಹಾಗಿತ್ತು.

"ನನ್ನ ಕೈ ಇಲ್ದೇನೂ ಆಯ್ತಲ್ಲ," ಎಂದ.

"ಆಯ್ತು," ಎಂದ ಫ್ಲೋರಿಯನ್.

ಮುದುಕ ಇನ್ನೇನಾದರೂ ಮಾತು ಬರಬಹುದೆಂದು ಸ್ವಲ್ಪ ಕಾದ. ಆಮೇಲೆ ಕಂಬ ಹಿಡಿದು ಎದ್ದು ಪಕ್ಕಕ್ಕೆ ಸರಿದ. ಮುನಿದವರಿಗೆ ಸಮಾಧಾನ ಹೇಳಿ ಚರ್ಚಿಗೆ ಕರೆದೊಯ್ಯುವುದು ದ್ರುಜ್ಬಾನ ಕೆಲಸವೇ. ಆ ಕೆಲಸವೊಂದನ್ನು ಮಾತ್ರ ಫ್ಲೋರಿಯನ್ ಅಂದು ಬೇಕೆಂದೇ ಮಾಡದೆ, ಕೋಲು ಎತ್ತಿ ಹಿಡಿದು ಮೆಟ್ಟಿಲು ಇಳಿದ.